ಅರ್ಧಚಂದ್ರ, ಎರಡು ಬೆಟ್ಟ, ಬಸುರಿ

ಅಂಕಮ್ಮ ಒರೆಸಿದ್ದು ಒಂದೇ ಸಲ. ಸ್ಟೂಲಿನ ಮೇಲೆ ನಿಂತು, ಒದ್ದೆ ಬಟ್ಟೆಯನ್ನು ಬಾಗಿಲ ಚೌಕಟ್ಟಿನ ಮೇಲುಪಟ್ಟಿಗೆ ಒತ್ತಿ ಎಡದಿಂದ ಬಲಕ್ಕೆ ಎಳೆದಳು. ಬಟ್ಟೆ ತಿರುಗಿಸಿ ನೋಡಿದರೆ ಬಿಳಿ. ಮರದ ಮೇಲೆ ಏನೂ ಉಳಿದಿರಲಿಲ್ಲ.

ಅಲ್ಲಿ ಇದ್ದದ್ದು ಇಷ್ಟು: 20+C+M+B+26. ಸೀಮೆಸುಣ್ಣದಲ್ಲಿ ಬರೆದದ್ದು.

ಸಂಕ್ರಾಂತಿಗೆ ಒಂದು ದಿನವಿತ್ತು. ಮದ್ದೂರಿನ ಆ ಬೀದಿಯಲ್ಲಿ ಅವತ್ತು ಎಲ್ಲರೂ ಏನನ್ನಾದರೂ ತೊಳೆಯುತ್ತಿದ್ದರು. ಕಿಟಕಿ, ಕೊಡ, ಸ್ಕೂಟರು, ಎಮ್ಮೆ. ಅಂಕಮ್ಮನ ಸೂರಿನಡಿ ಎರಡು ಬಾಗಿಲುಗಳಿದ್ದವು. ಒಂದು ಅವಳ ಮತ್ತು ಗಂಡ ಹೊನ್ನಯ್ಯನ ಮನೆಯದು. ಇನ್ನೊಂದು ನೀಲಿ ಬಾಗಿಲು, ಬಾಡಿಗೆಗೆ ಕೊಟ್ಟ ಮನೆಯದು. ಆ ಮನೆಯಲ್ಲಿ ಹತ್ತು ತಿಂಗಳಿಂದ ಸಹಾಯಮೇರಿ ಮತ್ತು ಅವಳ ಗಂಡ ಪ್ರಸನ್ನ ಇದ್ದರು. ಮೇರಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಪ್ರಸನ್ನನಿಗೆ ಸೋಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ. ಮೂರು ದಿನದ ಹಿಂದೆ ಇಬ್ಬರೂ ಬೀಗ ಹಾಕಿಕೊಂಡು ಮಳವಳ್ಳಿಗೆ, ಮೇರಿಯ ತವರಿಗೆ ಹೋಗಿದ್ದರು. ನಾಳೆ ಸಂಜೆಗೆ ಬರುವವರಿದ್ದರು. ಅಂಕಮ್ಮನಿಗೆ ಬೀಗ ಅಡ್ಡಿಯಾಗಲಿಲ್ಲ. ಒಂದೇ ಸೂರಿನ ಕೆಳಗೆ ಹಬ್ಬ ಒಂದು ಬಾಗಿಲಿಗೆ ಬಂದು ಇನ್ನೊಂದನ್ನು ಬಿಟ್ಟು ಹೋಗುವುದಿಲ್ಲ.

ಎದುರು ಮನೆಯ ಕುಲ್ಸುಮ್ ಕೈಯಲ್ಲಿ ಪೊರಕೆ ಹಿಡಿದು ನಿಂತು ನೋಡುತ್ತಿದ್ದಳು.

"ಅಂಕಮ್ಮಕ್ಕಾ, ಅಲ್ಲೇನ್ ಒರೆಸ್ತಾ ಇದ್ದೀರಿ?"

"ಪೋಲಿಯೋದೋರು ಗೀಚೋಗವ್ರೆ ಕಣೆ. ಕೂಸೇ ಉಟ್ಟಿಲ್ಲ, ಆಗ್ಲೇ ಬಾಗ್ಲಿಗೆ ನಂಬರ್ ಆಕ್ಬುಟ್ಟವ್ರೆ."

ಪೋಲಿಯೋ ಹನಿ ಹಾಕುವವರು ಪ್ರತಿ ಸಲ ಬಂದಾಗಲೂ ಗೋಡೆಗೋ ಬಾಗಿಲಿಗೋ ಸೀಮೆಸುಣ್ಣದಲ್ಲಿ ಏನೋ ಅಂಕಿ, ಏನೋ ಬಾಣ ಬರೆದು ಹೋಗುತ್ತಿದ್ದರು. ಅಂಕಮ್ಮನ ಬಾಗಿಲ ಪಕ್ಕದಲ್ಲೂ ಅಂಥ ಹಳೆಯ ಗುರುತುಗಳು ಒಂದರ ಮೇಲೊಂದು ಇದ್ದವು. ಅವುಗಳನ್ನು ಬೆಳಿಗ್ಗೆಯೇ ತೊಳೆದಾಗಿತ್ತು.

ಕುಲ್ಸುಮ್ ಪೊರಕೆ ಕೆಳಗಿಟ್ಟಳು. "ಪೋಲಿಯೋ ಅಲ್ಲ ಅಕ್ಕಾ! ಅದು ಅವರ ಚರ್ಚಿನ ಸ್ವಾಮೇರು ಬಂದು ಬರೆದದ್ದು. ನೀವು ಮುತ್ತತ್ತಿಗೆ ಹೋಗಿದ್ರಲ್ಲ, ಆವತ್ತು. ನಾನು ಇಲ್ಲೇ ನಿಂತು ನೋಡ್ದೆ. ನೀರು ಚಿಮುಕಿಸಿದ್ರು, ಹಾಡು ಹೇಳಿದ್ರು, ಆಮೇಲೆ ಕುರ್ಚಿ ತರಿಸಿ ಮೇಲಕ್ಕೆ ಹತ್ತಿ ಬರೆದ್ರು. ಒಂದು ವರ್ಷ ಮನೆ ಕಾಯ್ತದಂತೆ ಅದು. ಒರೆಸಬಾರದಂತೆ. ಮೇರಿನೇ ನಂಗೆ ಹೇಳಿದ್ಲು."

ಅಂಕಮ್ಮ ಸ್ಟೂಲಿನ ಮೇಲೇ ನಿಂತಿದ್ದಳು. ಬಟ್ಟೆಯಿಂದ ನೀರು ಅವಳ ಮೊಣಕೈವರೆಗೆ ಇಳಿಯಿತು.

"ಪೂರ್ತಿ ಓಯ್ತೇನೆ?" ಎಂದು ಕೇಳಿದಳು, ಕಣ್ಣೆದುರೇ ಇದ್ದ ಖಾಲಿ ಮರವನ್ನು ನೋಡುತ್ತಾ.

"ಪೂರ್ತಿ," ಎಂದಳು ಕುಲ್ಸುಮ್.

ಮೇರಿಗೆ ಏಳನೇ ತಿಂಗಳು. ಹೋದ ವರ್ಷ ಮಂಡ್ಯದ ಬಾಡಿಗೆ ಮನೆಯಲ್ಲಿದ್ದಾಗ ಐದನೇ ತಿಂಗಳಿಗೆ ಒಂದು ಹೋಗಿತ್ತು. ಅದನ್ನು ಅವಳು ಅಂಕಮ್ಮನಿಗೆ ಹೇಳಿದ್ದು ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದಾಗ. ಅಳಲಿಲ್ಲ. ಕಾಳನ್ನು ಒತ್ತಿ ಸಿಪ್ಪೆಯಿಂದ ಹೊರಗೆ ಹಾರಿಸುತ್ತಾ, ಬೇರೆ ಯಾರದೋ ವಿಷಯದ ಹಾಗೆ ಹೇಳಿದಳು. ಅಂದಿನಿಂದ ಅಂಕಮ್ಮ ಅವಳಿಗೆ ಕೊಡ ಎತ್ತಲು ಬಿಟ್ಟಿರಲಿಲ್ಲ, ಗ್ರಹಣದ ದಿನ ಹೊರಗೆ ಬರಲು ಬಿಟ್ಟಿರಲಿಲ್ಲ, ಪಪ್ಪಾಯಿ ಮಾರುವವನನ್ನು ಆ ಬಾಗಿಲ ಮುಂದೆ ನಿಲ್ಲಲು ಬಿಟ್ಟಿರಲಿಲ್ಲ. ಇಷ್ಟೆಲ್ಲ ಕಾವಲು ಮಾಡಿದವಳು ಕಾವಲಿನ ಗುರುತನ್ನೇ ತನ್ನ ಕೈಯಿಂದ ಒರೆಸಿ ಹಾಕಿದ್ದಳು.

ಒಳಗೆ ಹೊನ್ನಯ್ಯ ಕೊಬ್ಬರಿ ಹೆಚ್ಚುತ್ತಾ ಕೂತಿದ್ದ. ಎಳ್ಳು ಬೆರೆಸುವುದಕ್ಕೆ ಕೊಬ್ಬರಿ ಹೆಚ್ಚುವ ಕೆಲಸ ವರ್ಷಕ್ಕೊಮ್ಮೆ ಅವನ ಪಾಲಿಗೆ ಬರುತ್ತಿತ್ತು. ಒಂದು ಚೂರು ತಟ್ಟೆಗೆ ಹೋದರೆ ಒಂದು ಬಾಯಿಗೆ ಹೋಗುತ್ತಿತ್ತು.

"ಯಾಕಮ್ಮಿ ಮೊಕ ಇಂಗ್ ಇಳಿಬುಟ್ಟಿದ್ದೀಯ? ಮೇರವ್ವ ಬಂದ್ಮೇಲೆ ಏಳು, ಗೊತ್ತಿಲ್ದೆ ಒರಸ್ಬುಟ್ಟೆ ಅಂತವ. ಅವಳೇನ್ ನಿನ್ನ ನುಂಗ್ತಾಳಾ?"

"ಬಸುರಿಗೆ ಆ ಮಾತ ಎಂಗೇಳದು? ನಿನ್ ಮನೆ ಕಾಯೋದ ಅಳಿಸಾಕ್ದೆ ಅಂತವಾ? ಅವಳ ಎದೆ ಏನಾದಾತು?"

"ಒರ್ಸೋಕ್ ಮುಂಚೆ ಒಂದ್ ಮಾತು ಕೇಳ್ಬೇಕಿತ್ತು ನನ್ನ."

"ನಿನ್ನ ಕೇಳ್ಕಂಡು ಈ ಮನೇಲಿ ಯಾವತ್ತು ನೆಲ ಒರ್ಸಿದ್ದೀನಿ? ಕೊಬ್ರಿ ತಿನ್ನದ ನಿಲ್ಸು, ದೇವ್ರಿಗಿರ್ಲಿ."

ನಾಳೆ ಸಂಜೆಯೊಳಗೆ ಅದನ್ನು ಅಲ್ಲೇ, ಇದ್ದ ಹಾಗೇ ಮತ್ತೆ ಬರೆಯಬೇಕು. ಮೇರಿಗೆ ಗೊತ್ತಾಗಬಾರದು. ಅಂಕಮ್ಮ ಅಷ್ಟನ್ನು ನಿರ್ಧರಿಸಿದಳು. ಆದರೆ ಅಲ್ಲಿ ಏನಿತ್ತು? ಹತ್ತು ದಿನ ಅದರ ಕೆಳಗೇ ಓಡಾಡಿದ್ದಳು. ಈಗ ಕಣ್ಣು ಮುಚ್ಚಿದರೆ ಬರೀ ಕೂಡುವ ಗುರುತುಗಳು ಕಾಣುತ್ತಿದ್ದವು, ನಾಲ್ಕೋ ಐದೋ. ಅವುಗಳ ನಡುವೆ ಇದ್ದದ್ದು ಮಾಯವಾಗಿತ್ತು. ಬೀದಿಯಾಚೆಯಿಂದ ಕಂಡಿದ್ದ ಕುಲ್ಸುಮ್‌ಗೂ ಓರೆ ಗೆರೆಗಳ ಹೊರತು ಬೇರೇನೂ ನೆನಪಿರಲಿಲ್ಲ. ತಾನು ಇಷ್ಟು ದಿನ ನೋಡದೆಯೇ ನೋಡಿದ್ದೆ ಎಂಬುದು ಅವಳಿಗೆ ಆಶ್ಚರ್ಯವಾಯಿತು. ಇನ್ನೂ ಏನೇನನ್ನು ಹೀಗೆ ನೋಡಿದ್ದೇನೋ ಎಂದು ಒಂದು ಗಳಿಗೆ ತನ್ನ ಅಡುಗೆಮನೆಯನ್ನೇ ದಿಟ್ಟಿಸಿದಳು.

ಮಧ್ಯಾಹ್ನ ಸೀರೆ ಬದಲಿಸಿ ಚರ್ಚಿಗೆ ಹೋದಳು.

ಅದರ ಗೇಟಿನ ಮುಂದೆ ಸಾವಿರ ಸಲ ಹಾದುಹೋಗಿದ್ದಳು, ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ಅಂಗಳದಲ್ಲಿ ಕ್ರಿಸ್ಮಸ್ಸಿಗೆ ಕಟ್ಟಿದ್ದ ಗೋದಲಿಯನ್ನು ಬಿಚ್ಚಿ ಹಾಕುತ್ತಿದ್ದರು. ಹುಲ್ಲು ಒಂದು ಕಡೆ, ಬಿದಿರು ಒಂದು ಕಡೆ. ಉದ್ದದ ಬೆಂಚಿನ ಮೇಲೆ ಬೊಂಬೆಗಳನ್ನು ಮಲಗಿಸಿದ್ದರು. ಹಸು, ಕುರಿ, ಒಂದು ಕಿವಿ ಮುರಿದ ಒಂಟೆ, ಕಿರೀಟ ಹಾಕಿದ ಮೂವರು ಗಂಡಸರು. ಬಿಳಿ ನಿಲುವಂಗಿ ತೊಟ್ಟ ಅರುಳಪ್ಪ ಸ್ವಾಮಿಯವರು ಅವನ್ನು ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಪಕ್ಕದಲ್ಲಿ ಅವರ ಹೆಲ್ಮೆಟ್ ಇತ್ತು.

"ಸ್ವಾಮಿ, ನಮ್ಮನೇಲಿ ಮೇರವ್ವ ಅಂತವ ಬಾಡಿಗ್ಗವಳೆ. ಅವಳ ಬಾಗ್ಲ ಮೇಲೆ ನೀವು ಬರೆದಿದ್ರಲ್ಲ, ಅದು ವಸಿ ಮಾಸೋಗದೆ."

"ಆಗಲೇ? ಬರೆದು ಹತ್ತು ದಿನ ಆಗಿದೆ ಅಷ್ಟೆ."

"ಗಾಳಿ ಸ್ವಾಮಿ."

"ಗಾಳಿಗೆ ಸೀಮೆಸುಣ್ಣ ಹೋಗುತ್ತೇನಮ್ಮ?"

"ನಮ್ ಬೀದಿ ಗಾಳಿ ಬೋ ಜೋರು."

ಸ್ವಾಮಿಯವರು ಅವಳನ್ನು ಒಮ್ಮೆ ನೋಡಿದರು. ಆಮೇಲೆ ಒಳಗೆ ಹೋಗಿ ಬೆರಳುದ್ದದ ಒಂದು ಸೀಮೆಸುಣ್ಣ ತಂದು ಕೊಟ್ಟರು. "ಪೀಠದ ಮುಂದೆ ಇಟ್ಟು ಪ್ರಾರ್ಥನೆ ಮಾಡಿದ್ದು ಇದು. ನಾನೇ ಬಂದು ಬರೆಯುತ್ತಿದ್ದೆ. ಆದರೆ ಶಿವಪುರದಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದಾರೆ, ಈಗ ಅಲ್ಲಿಗೆ ಹೊರಟಿದ್ದೇನೆ."

"ನಾ ಬರೀಬೌದಾ? ನಾವು ನಿಮ್ಮೋರಲ್ಲ."

"ಮನೆ ಯಾರದು?"

"ನಂದೇ."

"ಮನೆಯವರೇ ಬರೆದುಕೊಳ್ಳೋದೂ ಉಂಟು. ಮಾಸಿರೋ ಕಡೆ ಅದರ ಮೇಲೇ ತಿದ್ದಿ, ಸಾಕು."

ಅದರ ಮೇಲೇ ತಿದ್ದಿ. ಯಾವುದರ ಮೇಲೆ? ಅಂಕಮ್ಮ ಸೀಮೆಸುಣ್ಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಏನು ಬರೆದಿತ್ತು ಎಂದು ಕೇಳಿದರೆ ಪೂರ್ತಿ ಹೋಗಿದೆ ಎಂದು ಒಪ್ಪಿಕೊಂಡ ಹಾಗೆ. ಅದರ ಬದಲು ಬೆಂಚಿನ ಕಡೆ ಕೈ ತೋರಿಸಿದಳು.

"ಇವ್ರ್ಯಾರು, ಕಿರೀಟ ಆಕ್ಕಂಡವ್ರೆ?"

"ಇವರದೇ ಗುರುತು ನಿಮ್ಮ ಬಾಗಿಲ ಮೇಲಿರೋದು. ಕಸ್ಪರ್, ಮೆಲ್ಕಿಯೋರ್, ಬಲ್ತಸಾರ್. ಮೂರು ಹೆಸರಿನ ಮೂರು ಮೊದಲಕ್ಷರ. ಲ್ಯಾಟಿನ್ನಿನಲ್ಲಿ ಕ್ರಿಸ್ತ ಈ ಮನೆಯನ್ನು ಹರಸಲಿ ಅಂತಲೂ ಅರ್ಥ ಹೇಳುತ್ತಾರೆ. ಏಸು ಹುಟ್ಟಿದಾಗ ಆಕಾಶದಲ್ಲಿ ಒಂದು ನಕ್ಷತ್ರ ಕಾಣಿಸಿತು. ಇವರು ಅದನ್ನು ಹಿಂಬಾಲಿಸಿಕೊಂಡು ಮೂಡಲ ದೇಶದಿಂದ ಮಗು ಇದ್ದ ಮನೆ ಹುಡುಕಿಕೊಂಡು ಬಂದರು."

"ಬಾಣಂತಿ ಇದ್ದ ಕಡೀಕೆ ಮೂರ್ ಜನ ಗಂಡಸ್ರು ಬಂದ್ರಾ?"

"ಬಂದರು."

"ಬಾಗ್ಲಲ್ಲಿ ತಡೆಯಾಕೆ ಅವಳ ತಾಯಿ ಇರ್ನಿಲ್ವಾ?"

ಸ್ವಾಮಿಯವರು ಯೋಚಿಸಿದರು. ಪ್ರತಿ ವರ್ಷವೂ ಈ ಮೂವರ ಬಗ್ಗೆ ಪ್ರಸಂಗ ಮಾಡುತ್ತಾ ಬಂದಿದ್ದರು. ಯಾರೂ ಇದನ್ನು ಕೇಳಿರಲಿಲ್ಲ. "ತಾಯಿ ಇದ್ದ ಹಾಗೆ ಬರೆದಿಲ್ಲ," ಎಂದರು.

"ಪಾಪ. ಒಬ್ಳೇ ಇದ್ಲಾ? ಓಗ್ಲಿ, ಕೂಸು ನೋಡಾಕೆ ಬಂದೋರು ಏನ್ ತಂದಿದ್ರು?"

"ಚಿನ್ನ, ಧೂಪ, ರಕ್ತಬೋಳ."

ಅಂಕಮ್ಮನ ಹುಬ್ಬು ಮೇಲಕ್ಕೆ ಹೋಯಿತು. "ಧೂಪ ಅಂದ್ರೆ ಸಾಂಬ್ರಾಣಿನಾ?"

"ಅದೇ ಜಾತಿಯದು."

"ರಕ್ತಬೋಳ? ಗ್ರಂಧಿಗೆ ಅಂಗ್ಡೀಲಿ ಬಾಣಂತಿ ಸಾಮಾನಿನ ಜೊತೆ ಕೊಡ್ತಾರಲ್ಲ, ಅದಾ?"

"ಅದೇ ಇರಬೇಕು."

"ಅಂಗಾದ್ರೆ ಸರ್ಯಾಗೇ ತಂದವ್ರೆ ಬುಡಿ!" ಅಂಕಮ್ಮ ಬೆಂಚಿನ ಬಳಿಗೆ ಹೋಗಿ ಮೂವರಲ್ಲಿ ಒಬ್ಬನನ್ನು ಕೈಗೆತ್ತಿಕೊಂಡಳು. ಹಗುರವಾಗಿದ್ದ, ಒಳಗೆ ಟೊಳ್ಳು. "ಕೂಸಿಗೆ ನೀರುಯ್ದು ತಲೆ ಒಣಗ್ಸಾಕೆ ಸಾಂಬ್ರಾಣಿ ಒಗೆ. ತಾಯಿಗೆ ಔಸ್ದಿಗೆ ಬೋಳ. ಉಡುದಾರಕ್ಕೆ ಚಿನ್ನ. ಇಷ್ಟು ಗಂಡಸ್ರಿಗೆ ತಾವಾಗೇ ಒಳೀತದಾ ಸ್ವಾಮಿ? ನೂರು ಬಾಣಂತನ ಮಾಡಿದ ಯಾವ್ಳೋ ಮುದುಕಿ ಇವ್ರಿಗೆ ಏಳಿ ಕಳ್ಸವ್ಳೆ."

ಸ್ವಾಮಿಯವರು ಜೋರಾಗಿ ನಕ್ಕರು. ಹೆಲ್ಮೆಟ್ ಹಾಕಿಕೊಳ್ಳುವಾಗಲೂ, ಸ್ಕೂಟರು ಗೇಟು ದಾಟುವಾಗಲೂ ಅವರ ಭುಜ ಅಲುಗುತ್ತಿತ್ತು.

ಈಗ ಅಂಕಮ್ಮನಿಗೆ ಬೇಕಾದ್ದು ನೋಡಿ ಬರೆಯಲು ಒಂದು ಬಾಗಿಲು. ಚರ್ಚಿನ ಹಿಂದಿನ ಬೀದಿಯಲ್ಲಿ ಐದು ಮನೆ ಅವರವು ಎಂದು ಅವಳಿಗೆ ಗೊತ್ತಿತ್ತು. ಮೊದಲ ಮನೆಯ ಮೆಟ್ಟಿಲ ಮೇಲೆ ಒಬ್ಬಾಕೆ ಸೊಪ್ಪು ಬಿಡಿಸುತ್ತಿದ್ದಳು. ಎರಡನೆಯದರಲ್ಲಿ ಯಾರೋ ಹಲ್ಲುಜ್ಜುತ್ತಿದ್ದರು, ಮಧ್ಯಾಹ್ನ ಎರಡು ಗಂಟೆಗೆ. ಮೂರನೆಯದರಲ್ಲಿ ನಾಯಿ. ನಾಲ್ಕನೆಯ ಮನೆಯ ಹೆಂಗಸು ಅವಳನ್ನು ನೋಡಿ ನಕ್ಕು, "ಯಾರು ಬೇಕಿತ್ತಮ್ಮ?" ಎಂದು ಕೇಳಿಯೇ ಬಿಟ್ಟಳು. ಎಲ್ಲ ಬಾಗಿಲುಗಳ ಮೇಲೂ ಬಿಳಿ ಬರಹವಿತ್ತು. ಎಲ್ಲ ಬಾಗಿಲುಗಳಲ್ಲೂ ಜನರಿದ್ದರು. ನಿಂತು ನೋಡಿದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. "ಯಾರೂ ಇಲ್ಲ, ಇಂಗೇ ಓಯ್ತಿದ್ದೆ," ಎಂದು ಅಂಕಮ್ಮ ಮುಂದೆ ಹೋದಳು.

ಐದನೆಯದು ಇನ್ನಾಸಪ್ಪ ಮೇಷ್ಟ್ರ ಮನೆ. ಬೀಗ ಹಾಕಿತ್ತು. ಮೇಷ್ಟ್ರು ಸಂಸಾರ ಸಮೇತ ವೇಳಾಂಗಣ್ಣಿಗೆ ಹೋಗಿದ್ದಾರೆ ಎಂಬ ಸುದ್ದಿ ಕ್ರಿಸ್ಮಸ್ಸಿಗೆ ಮುಂಚೆಯೇ ಬೀದಿಗಳಲ್ಲಿ ಓಡಾಡಿತ್ತು. ಬಾಗಿಲ ಬುಡದಲ್ಲಿ ಒಣ ಎಲೆಗಳು ಗುಡ್ಡೆಯಾಗಿದ್ದವು. ಮೇಲುಪಟ್ಟಿಯಲ್ಲಿ ಸೀಮೆಸುಣ್ಣದ ಬರಹ ಮಸುಕಾಗಿತ್ತು, ಆದರೂ ಒಂದು ಗೆರೆಯೂ ತಪ್ಪಿಹೋಗದೆ ಉಳಿದಿತ್ತು. ಕೇಳುವವರು ಯಾರೂ ಇರಲಿಲ್ಲ. ಅವಳು ಅಲ್ಲಿ ನಿಂತಳು.

ಅಂಕಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ರಂಗೋಲಿ ಬರುತ್ತಿತ್ತು. ಧನುರ್ಮಾಸದ ತಿಂಗಳಿಡೀ ಬೆಳಗಿನ ಚಳಿಯಲ್ಲಿ ಬೀದಿಯ ಅರ್ಧ ಅಗಲಕ್ಕೆ ಅವಳು ಎಳೆಯುವ ರಂಗೋಲಿಯನ್ನು ನೋಡಲು ಪಕ್ಕದ ಬೀದಿಯಿಂದ ಹೆಂಗಸರು ಬರುತ್ತಿದ್ದರು. ಇಪ್ಪತ್ತೊಂದು ಚುಕ್ಕಿಯದನ್ನು ಒಮ್ಮೆ ಕಂಡರೆ ಸಾಕು, ಮನೆಗೆ ಬಂದು ಇಳಿಸಿಬಿಡುತ್ತಿದ್ದಳು. ಅದು ಹೇಗೆ ಎಂದು ಕೇಳಿದರೆ ಅವಳು ಹೇಳುತ್ತಿದ್ದುದು ಒಂದೇ: ಹೂವು, ನವಿಲು ಅಂತ ನೋಡಬಾರದು, ಎಳೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಬಂದು ಕೂಡುತ್ತದೆ, ಅಷ್ಟನ್ನು ನೋಡಬೇಕು.

ಈಗಲೂ ಹಾಗೆಯೇ ಎಳೆ ಹಿಡಿದು ನೋಡಿದಳು, ನೆನಪಿಗೆಂದು ಮಾತ್ರ ಒಂದೊಂದಕ್ಕೂ ಹೆಸರಿಟ್ಟಳು. ಮೊದಲು ಕತ್ತು ಬಗ್ಗಿಸಿದ ಬಾತುಕೋಳಿ. ಅದರ ಪಕ್ಕ ಮೊಟ್ಟೆ. ಕೂಡುವ ಗುರುತು. ಅರ್ಧಚಂದ್ರ. ಕೂಡುವ ಗುರುತು. ಒತ್ತಿಕೊಂಡು ನಿಂತ ಎರಡು ಬೆಟ್ಟ. ಕೂಡುವ ಗುರುತು. ಆಮೇಲೆ ನೆಟ್ಟಗೆ ನಿಂತ ಬಸುರಿ. ಎದೆ ಒಂದು ಉಬ್ಬು, ಹೊಟ್ಟೆ ಒಂದು ಉಬ್ಬು. ಅವಳನ್ನು ಕಂಡು ಅಂಕಮ್ಮನ ಎದೆ ಸ್ವಲ್ಪ ಹಗುರವಾಯಿತು. ಮೇರಿಯ ಬಾಗಿಲಿಗೆ ಇದೇ ಸರಿ. ಮತ್ತೆ ಕೂಡುವ ಗುರುತು. ಮತ್ತೆ ಬಾತುಕೋಳಿ. ಕೊನೆಯಲ್ಲಿ ಟೋಪಿ ಹಾಕಿದ ಕುಡುಗೋಲು.

ಅಂಕಿಗಳು ಅವಳಿಗೆ ತಿಳಿಯದ್ದೇನಲ್ಲ. ಬಸ್ಸಿನ ನಂಬರು, ಫೋನಿನ ನಂಬರು ಓದುತ್ತಿದ್ದಳು. ಆದರೆ ಇವತ್ತು ಅವಳು ಓದಲು ಬಂದಿರಲಿಲ್ಲ.

ಅಂಗೈ ಮೇಲೆ ಬೆರಳಿನಿಂದ ಮೂರು ಸಲ ಎಳೆದು ನೋಡಿದಳು. ಒಂದು ವಿಷಯ ಮಾತ್ರ ಅವಳನ್ನು ಕೊರೆಯಿತು. ಈ ಬರಹದಲ್ಲಿ ಎಳೆಗಳು ಕೂಡುತ್ತಿರಲಿಲ್ಲ. ಮೊಟ್ಟೆ ಮತ್ತು ಬಸುರಿಯನ್ನು ಬಿಟ್ಟರೆ ಎಲ್ಲವೂ ಬಾಯಿ ತೆರೆದುಕೊಂಡೇ ನಿಂತಿದ್ದವು. ಹೊಸಿಲ ಮುಂದೆ ಎಳೆಯನ್ನು ತೆರೆದು ಬಿಡಬಾರದು, ಮನೆಗೆ ಬಂದದ್ದು ನಿಲ್ಲುವುದಿಲ್ಲ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಅರ್ಧಚಂದ್ರದ ಬಾಯಿ ಮುಚ್ಚಿಬಿಡಲೇ ಎಂದು ಬೆರಳು ತುಡಿಯಿತು. ಬೇಡ, ಇದು ಬೇರೆಯವರ ಎಳೆ. ಅವರ ತಾಯಂದಿರು ಬೇರೆ ಏನೋ ಹೇಳಿಕೊಟ್ಟಿರಬಹುದು.

ಹಬ್ಬದ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ತನ್ನ ಬಾಗಿಲ ಮುಂದಿನ ರಂಗೋಲಿ ಮುಗಿಸಿ, ಅಂಕಮ್ಮ ಸ್ಟೂಲು ಹತ್ತಿದಳು. ಹೊನ್ನಯ್ಯ ಸ್ಟೂಲಿನ ಕಾಲು ಹಿಡಿದುಕೊಂಡ.

"ಬಾತುಕೋಳಿ ಕತ್ತು ಉದ್ದ ಆಯ್ತು," ಎಂದ ಕೆಳಗಿನಿಂದ.

"ನಿಂಗೇನ್ ಗೊತ್ತು?"

"ನೀನೇ ಏಳ್ದಲ್ಲ ರಾತ್ರಿಯೆಲ್ಲ. ಬಾತುಕೋಳಿ, ಮೊಟ್ಟೆ, ಬೆಟ್ಟ ಅಂತವ. ನಿದ್ದೇನೇ ಬರ್ನಿಲ್ಲ ನಂಗೆ."

ಬರೆದು ಮುಗಿದಾಗ ಎದುರು ಮನೆಯಿಂದ ಕುಲ್ಸುಮ್ ನೋಡಿ ತಲೆದೂಗಿದಳು. "ಸ್ವಾಮೇರು ಬರೆದದ್ದಕ್ಕಿಂತ ಚಂದ ಇದೆ ಅಕ್ಕಾ. ಅವರದು ಓರೆಯಾಗಿತ್ತು." ಅಂಕಮ್ಮನಿಗೆ ಅದು ಹಿಡಿಸಲಿಲ್ಲ. ಚಂದ ಇದ್ದರೆ ಸಿಕ್ಕಿಬೀಳುತ್ತಾಳೆ.

ಮಳವಳ್ಳಿ ಬಸ್ಸು ಇಳಿದು ಮೇರಿ, ಪ್ರಸನ್ನ ಬಂದಾಗ ನಾಲ್ಕೂವರೆ. ಅಂಕಮ್ಮ ಕಿಟಕಿಯ ಹಿಂದೆ ನಿಂತಿದ್ದಳು. ಮೇರಿ ಬಾಗಿಲ ಮುಂದೆ ನಿಂತು, ಅಭ್ಯಾಸದಂತೆ ತಲೆಯೆತ್ತಿ ನೋಡಿದಳು. ನೋಡಿದ್ದು ಸ್ವಲ್ಪ ಹೊತ್ತಾಯಿತು. ಅವಳ ಒಂದು ಕೈ ಚೌಕಟ್ಟಿನ ಮೇಲಿತ್ತು, ಒಂದು ಕೈ ಹೊಟ್ಟೆಯ ಮೇಲೆ. ಬ್ಯಾಗು ಹೊತ್ತಿದ್ದ ಪ್ರಸನ್ನ "ಏನು?" ಎಂದ. "ಏನಿಲ್ಲ," ಎಂದಳು. ಬೀಗ ತೆಗೆದು ಒಳಗೆ ಹೋದರು.

"ಮುಗೀತಲ್ಲ," ಎಂದ ಹೊನ್ನಯ್ಯ. "ಇನ್ನಾದ್ರೂ ಮೊಕ ಸರಿ ಮಾಡ್ಕ."

ಮುಗಿಯಬೇಕಿತ್ತು. ಅಂಕಮ್ಮ ತಟ್ಟೆಯಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು ಇಟ್ಟಳು. ಸೆರಗು ಸರಿಮಾಡಿಕೊಂಡಳು. ಮತ್ತೆ ಕೂತಳು. ಒಂದು ಚುಕ್ಕಿ ತಪ್ಪಿದ ರಂಗೋಲಿಯನ್ನು ನೋಡುವವರು ಕಂಡುಹಿಡಿಯದೇ ಇರಬಹುದು, ಎಳೆದವಳಿಗೆ ಅದರ ಮೇಲೆ ಕಾಲಿಟ್ಟು ದಾಟಲು ಆಗುವುದಿಲ್ಲ.

ಎದ್ದು ಪಕ್ಕದ ಮನೆಗೆ ಹೋದಳು. ಮೇರಿ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದಳು. ತಟ್ಟೆ ಕಂಡು ನಕ್ಕಳು. "ಕೊಡಿ ಅಮ್ಮ. ಎಳ್ಳು ತಿಂದು ಒಳ್ಳೆ ಮಾತಾಡ್ಬೇಕು ಅಲ್ವಾ?"

"ನೀನು ಆಮೇಲಾಡು ಮಗ ಒಳ್ಳೇದ. ಮೊದ್ಲು ನಾನು ಕೆಟ್ಟದ್ದ ಏಳ್ಬುಡ್ತೀನಿ." ಅಂಕಮ್ಮ ತಟ್ಟೆಯನ್ನು ಕೊಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು. "ನಿನ್ ಬಾಗ್ಲ ಮೇಲಿಂದು ನಾ ಒರಸ್ಬುಟ್ಟೆ. ಪೋಲಿಯೋದು ಅನ್ಕಂಡೆ. ಈಗಿರದು ನಂದು. ಚಾಕ್‌ಪೀಸು ಸ್ವಾಮೇರು ಕೊಟ್ಟಿದ್ದೇಯ, ಬರೆದದ್ದು ಮಾತ್ರ ನಾನು. ಗೊತ್ತಿಲ್ದೆ ಮಾಡ್ದೆ ಕಣವ್ವ. ಕೂಸಿಗೇನೂ ಆಗಬಾರದು ಅಂತ ದೇವ್ರಿಗೆ ಮುಡಿಪು ಕಟ್ಟಿವ್ನಿ."

"ಗೊತ್ತಾಯ್ತಮ್ಮ," ಎಂದಳು ಮೇರಿ.

"ಎಂಗೆ? ಚಂದ ಆಗೋಗದೆ ಅಂತಲಾ?"

ಮೇರಿ ನಿಧಾನವಾಗಿ ಎದ್ದು ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ಇಬ್ಬರೂ ತಲೆಯೆತ್ತಿದರು.

"ಯಾರ ಮನೇದು ನೋಡಿ ಬರೆದ್ರಿ?"

"ಇನ್ನಾಸಪ್ಪ ಮೇಷ್ಟ್ರುದು."

"ಅವರು ಇನ್ನೂ ವೇಳಾಂಗಣ್ಣಿಯಿಂದ ಬಂದಿಲ್ಲ ಅಮ್ಮ. ಮನೆಗೆ ಬೀಗ ಇದ್ರೆ ಸ್ವಾಮೇರು ಬರೆಯಲ್ಲ. ಅಲ್ಲಿರೋದು ಹೋದ ವರ್ಷದ್ದು. ಈ ತುದೀಲಿ ಇಪ್ಪತ್ತು, ಆ ತುದೀಲಿ ಇಪ್ಪತ್ತೈದು. ಕೂಡಿಸಿ ಓದಿ. ಎರಡು ಸಾವಿರದ ಇಪ್ಪತ್ತೈದು. ನಮ್ಮದು ಇಪ್ಪತ್ತಾರು ಇತ್ತು."

ಅಂಕಮ್ಮ ಓದಿದಳು. ಬಾತುಕೋಳಿಗಳು, ಮೊಟ್ಟೆ, ಕುಡುಗೋಲು ಎಲ್ಲವೂ ಒಮ್ಮೆಲೇ ಅಂಕಿಗಳಾದವು. ಹೋದ ವರ್ಷ. ಆ ಮಗುವನ್ನು ತೆಗೆದುಕೊಂಡು ಹೋದ ವರ್ಷ. ಊರಲ್ಲಿ ಜನರಿದ್ದ ನಾಲ್ಕು ಬಾಗಿಲು ಬಿಟ್ಟು, ಕೇಳುವವರಿಲ್ಲ ಅಂತ ಬೀಗ ಹಾಕಿದ ಬಾಗಿಲಿಗೆ ಹೋಗಿ, ಅದನ್ನೇ ಎತ್ತಿಕೊಂಡು ಬಂದು ಇವಳ ತಲೆಯ ಮೇಲೆ ಬರೆದಿದ್ದಳು. ಮೇರಿ ತಟ್ಟೆಯನ್ನು ತೆಗೆದುಕೊಂಡು ಜಗಲಿಯ ಮೇಲಿಟ್ಟಳು.

"ಕೇಳಿ ಅಮ್ಮ ಇಲ್ಲಿ. ಮಂಡ್ಯದ ಮನೆ ಬಾಗಿಲ ಮೇಲೂ ಇದೇ ಇತ್ತು. ಇದೇ ಇಪ್ಪತ್ತೈದು. ಅಲ್ಲಿನ ಸ್ವಾಮೇರೇ ಬಂದು ಬರೆದದ್ದು. ಯಾರೂ ಒರೆಸಿರಲಿಲ್ಲ, ಒಂದು ಚೂರು ಪುಡಿ ಉದುರಿರಲಿಲ್ಲ. ಆಸ್ಪತ್ರೆಯಿಂದ ಬರೀ ಕೈಲಿ ಬಂದು ನಿಂತಾಗ ಮೊದಲು ಕಂಡದ್ದು ಅದೇ. ಎಷ್ಟು ನೀಟಾಗಿದೆ ಅಂತ ನೋಡ್ತಾ ನಿಂತಿದ್ದೆ."

ಬೀದಿಯ ಕೊನೆಯಲ್ಲಿ ಯಾರೋ ಎತ್ತುಗಳ ಕೊಂಬಿಗೆ ಬಲೂನು ಕಟ್ಟುತ್ತಿದ್ದರು. ಒಂದು ಒಡೆಯಿತು. ಎತ್ತು ಹಾರಿತು, ಜನ ನಕ್ಕರು.

"ಅಂಗಾದ್ರೆ ಈ ವರ್ಸ ಮತ್ಯಾಕೆ ಬರಿಸ್ಕಂಡೆ?" ಎಂದು ಕೇಳಿದಳು ಅಂಕಮ್ಮ. ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

ಮೇರಿ ಮತ್ತೆ ಬಾಗಿಲ ಮೇಲಕ್ಕೆ ನೋಡಿದಳು. "ಸರಿಯಾಗಿ ಗೊತ್ತಿಲ್ಲಮ್ಮ. ಆ ಮೂರು ಜನ ಮನೆ ಗುರುತಿಲ್ದೆ ಊರೂರು ಕೇಳ್ಕೊಂಡು ಬಂದ್ರಂತೆ. ಬರೋ ಮಗುಗೂ ಹಾಗಾಗಬಾರದು, ಇದೇ ಮನೆ ಅಂತ ಗೊತ್ತಾಗ್ಲಿ ಅಂತ ಇರಬೇಕು."

ಅಂಕಮ್ಮ ಇದನ್ನು ಯೋಚಿಸಿದಳು. ಸರಿ ಎನಿಸಿತು. ವಿಳಾಸ ಇಲ್ಲದ ಮನೆಗೆ ಕಾಗದವೂ ಬರುವುದಿಲ್ಲ.

"ಸ್ಟೂಲು ತನ್ನಿ," ಎಂದಳು ಮೇರಿ. "ಸೀಮೆಸುಣ್ಣ ಉಳಿದಿದೆಯಾ?"

ಉಳಿದಿತ್ತು, ಸೆರಗಿನ ಗಂಟಿನಲ್ಲಿ. ಅಂಕಮ್ಮ ಹತ್ತಿದಳು. ಈ ಸಲ ಸ್ಟೂಲಿನ ಕಾಲು ಹಿಡಿದದ್ದು ಮೇರಿ. "ಬುಡವ್ವ, ಬಗ್ಗಬೇಡ," ಎಂದರೂ ಕೇಳಲಿಲ್ಲ.

"ಕೊನೇದರ ಮೇಲೆ ಒಂದು ಅಡ್ಡಗೆರೆ ಇದೆಯಲ್ಲ, ಅದನ್ನ ಒರೆಸಿಬಿಡಿ."

ಅಂಕಮ್ಮನ ಕೈ ಗಾಳಿಯಲ್ಲೇ ನಿಂತಿತು. "ನಾ ಒರಸಕಿಲ್ಲ. ಒರ್ಸಿದ್ದು ಸಾಕು ನಂಗೆ ಈ ಜನ್ಮಕ್ಕೆ."

"ನಾನು ಹೇಳ್ತಾ ಇದ್ದೀನಲ್ಲ ಅಮ್ಮ. ಒರೆಸಿ."

ಅಂಕಮ್ಮ ತೋರುಬೆರಳನ್ನು ನಾಲಗೆಗೆ ತಾಗಿಸಿ ಕುಡುಗೋಲಿನ ಟೋಪಿಯನ್ನು ಮೆಲ್ಲಗೆ ಒರೆಸಿದಳು. ಬರೀ ಟೋಪಿಯನ್ನು. ಅದರ ಪಕ್ಕದ ಪುಡಿ ಕೂಡ ಅಲುಗದ ಹಾಗೆ.

"ಈಗ ಕೆಳಗಿನ ಬಾಯಿ ಮುಚ್ಚಿ."

ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಳೆಯ ತುದಿಗೆ ಸೀಮೆಸುಣ್ಣ ಇಟ್ಟು, ಒಳಕ್ಕೆ ತಿರುಗಿಸಿ, ಹೊರಟ ಬೆನ್ನಿಗೇ ತಂದು ಕೂಡಿಸಿದಳು. ಐದು ಆರಾಯಿತು. ಮಲಗಿದ ಬಸವನ ಹುಳುವಿನ ಹಾಗೆ ದುಂಡಗೆ, ಒಳಗೆ ಏನನ್ನೋ ಇಟ್ಟುಕೊಂಡ ಹಾಗೆ. ನಿನ್ನೆಯಿಂದ ತುಡಿಯುತ್ತಿದ್ದ ಬೆರಳು ಸುಮ್ಮನಾಯಿತು.

"ಅರ್ಧಚಂದ್ರನೂ ಮುಚ್ಚಲಾ?"

"ಅದು ಹಾಗೇ ಇರ್ಲಿ."

ಪಕ್ಕದ ಬಾಗಿಲಿನಿಂದ ಹೊನ್ನಯ್ಯ ಇಣುಕಿದ. "ಮುಂದಿನ ಸಂಕ್ರಾಂತೀಗೆ ಎಲ್ರೂನೂ ಕೇಳ್ಕಂಡು ಬಟ್ಟೆ ನೆನೆಯಾಕಮ್ಮಿ," ಎಂದು ಹೇಳಿ, ಉತ್ತರ ಬರುವ ಮೊದಲೇ ಒಳಗೆ ಹೋದ.

ಅಂಕಮ್ಮ ಸ್ಟೂಲಿನಿಂದ ಇಳಿಯಲಿಲ್ಲ. ಹತ್ತಿರದಿಂದ ಒಂದೊಂದನ್ನೇ ನೋಡುತ್ತಿದ್ದಳು.

"ಅಲ್ಲ ಮಗ, ಕೂಸು ನೋಡಿದ್ಮೇಲೆ ಈ ಮೂರು ಜನ ತಮ್ಮೂರಿಗೆ ಎಂಗೋದ್ರು? ನಕ್ಷತ್ರ ಬರೋವಾಗ ಮಾತ್ರ ದಾರಿ ತೋರ್ಸಿದ್ದಲ್ವಾ?"

"ಬೇರೆ ದಾರೀಲಿ ಹೋದ್ರಂತೆ."

"ಯಾವ ದಾರಿ?"

ಮೇರಿಗೆ ಗೊತ್ತಿರಲಿಲ್ಲ. ನಾಳೆ ಸ್ವಾಮೇರನ್ನೇ ಕೇಳಬೇಕು ಎಂದುಕೊಂಡಳು ಅಂಕಮ್ಮ. ಹೇಗೂ ಹೋಗಲೇಬೇಕಿತ್ತು. ಆ ಗಾಳಿಯ ವಿಷಯ ಅವರಿಗೆ ಹೇಳುವುದು ಬಾಕಿಯಿತ್ತು.